ಈ ಕಡೆಯಿಂದ ಕೇಳಿ

ಹಾಸನದ ಎಸ್‌ಪಿ ಆಫೀಸಿನ ಹಿಂಬದಿ, ಹಳೇ ರಿಕಾರ್ಡ್ ರೂಮು.
ಕಡತದ ದೂಳಿಗೆ ಎಲ್ಲರೂ ಒಂದೊಂದು ಸಲ ಸೀನಿ
ಶುರುವಾಯಿತು ಇಲಾಖಾ ವಿಚಾರಣೆ.
ಮೇಜಿನ ಆಚೆ ಮೇಡಂ, ಪಕ್ಕದಲ್ಲಿ ಟೈಪಿಸ್ಟ್ ರುಕ್ಸಾನ,
ಕಿಟಕಿಯ ಹತ್ತಿರ, ಟೋಪಿ ತೊಡೆಯ ಮೇಲಿಟ್ಟುಕೊಂಡು, ನಮ್ಮ ಸಾಹೇಬರು.
ಇಲ್ಲಿ ಅವರ ಹೆಸರು ‘ಆಪಾದಿತ ನೌಕರ’.
ಸಾಕ್ಷಿಗಳನ್ನು ಹೊರಗೆ ಕೂರಿಸಬೇಕು;
ಹೊರಗೆ ಬೆಂಚಿರಲಿಲ್ಲ.
ನಾನು ಮೂರನೆಯವನು, ಪುಟ್ಟಾಚಾರಿ,
ಹೆಡ್ ಕಾನ್‌ಸ್ಟೆಬಲ್, ಠಾಣೆಯ ರೈಟರು.

ಅಪ್ಪ ಬೇಲೂರಿನ ಸಂತೆಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ,
ತಪ್ಪಿದರೆ ಅಳಿಸಲಾಗದ ಅಕ್ಷರ.
ನನಗೆ ಬಂದದ್ದು ಆ ದುಂಡು ಕೈಬರಹ ಮಾತ್ರ.
ಸ್ಟೇಷನ್ ಡೈರಿಯಲ್ಲಿ ಎರಡು ಗೆರೆ ಖಾಲಿ ಬಿಡುವುದು
ನಾನೇ ಕಲಿತ ವಿದ್ಯೆ:
ರಾತ್ರಿ ಏನು ನಡೆಯಿತೆಂದು ಬೆಳಿಗ್ಗೆ ತೀರ್ಮಾನವಾಗುತ್ತದಲ್ಲ,
ಆಗ ತುಂಬಲಿಕ್ಕೆ.

ಹುಡುಗನನ್ನು ಕರೆದರು.
ಲೋಹಿತ, ಹತ್ತೊಂಬತ್ತು, ಆಲೂರಿನ ಕಡೆ ಶುಂಠಿ ತೊಳೆಯುವವನು.
ಇಸ್ತ್ರಿ ಮಾಡಿದ ಅಂಗಿ, ಉಗುರ ಸಂದಿಯಲ್ಲಿ ಹಾಗೇ ಕೆಮ್ಮಣ್ಣು,
ಎಡಗಿವಿಯಲ್ಲಿ ಹತ್ತಿ.
ಕಳುವಾಗಿದ್ದ ಪಂಪಿನ ಮೋಟರು ಮೂರನೇ ದಿನ
ಧಣಿಯ ಅಳಿಯನ ಶೆಡ್ಡಿನಲ್ಲೇ ಸಿಕ್ಕಿತ್ತು.
ಕಿವಿಯ ತಮಟೆ ಸಿಕ್ಕಲಿಲ್ಲ.

“ಆ ರಾತ್ರಿ ನೀನು ಠಾಣೆಯಲ್ಲಿದ್ದೆಯಾ?” ಮೇಡಂ ಕೇಳಿದರು.
ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.
ಇನ್ನೊಮ್ಮೆ ಕೇಳಿದರು, ಜೋರಾಗಿ.
“ಆ ಕಡೆಯಿಂದ ಕೇಳ್ಬೇಡಿ ಮೇಡಂ, ಕೇಳಾಕಿಲ್ಲ.
ಈ ಕಡೆಯಿಂದ ಕೇಳಿ.”

ರುಕ್ಸಾನಳ ಬೆರಳು ನಿಂತವು.
ಕೇಳುವವರು ಯಾರು, ಕೇಳದ್ದು ಯಾವುದು,
ಎರಡಕ್ಕೂ ಅವವೇ ಅಕ್ಷರ.
ಮೇಡಂ ಎದ್ದು, ತಮ್ಮ ಕುರ್ಚಿ ತಾವೇ ಎಳೆದುಕೊಂಡು
ಅವನ ಬಲಕ್ಕೆ ಹೋಗಿ ಕೂತರು.
ವಿಚಾರಣೆಯ ಕೈಪಿಡಿಯಲ್ಲಿ
ಕುರ್ಚಿ ಎಳೆಯುವ ಬಗ್ಗೆ ಏನೂ ಇಲ್ಲ.

ನನ್ನ ಪಾಳಿ.
ಬೆಳಿಗ್ಗೆ ಕ್ಯಾಂಟೀನಿನಲ್ಲೇ ಸಾಹೇಬರು ಹೇಳಿಕೊಟ್ಟಿದ್ದರು,
ನನ್ನ ದೋಸೆಯ ದುಡ್ಡೂ ಕೊಟ್ಟು:
“ಕರೆಂಟ್ ಹೋಗಿತ್ತು, ಕತ್ತಲಲ್ಲಿ ಗೆರೆ ತಪ್ಪಿತು ಅನ್ನು, ಸಾಕು.”
ನನ್ನ ಹೆಂಡತಿಗೆ ನೋವು ಕಾಣಿಸಿಕೊಂಡ ನಡುರಾತ್ರಿ
ಜೀಪು ಕೊಟ್ಟವರು ಅವರೇ.
ಅದೂ ಡೈರಿಯಲ್ಲಿಲ್ಲ.

ಹೇಳಿದೆ. ಕರೆಂಟ್ ಹೋಗಿತ್ತು. ಗೆರೆ ತಪ್ಪಿತು.
ಮಂಡನಾಧಿಕಾರಿ ಪುಟ ತಿರುವಿ
ಖಾಲಿ ಜಾಗದ ಕೆಳಗಿನ ಸಾಲುಗಳನ್ನು ತೋರಿಸಿದ.
ದಾರ ಹಿಡಿದ ಹಾಗೆ ನೆಟ್ಟಗಿದ್ದವು.
ಅಪ್ಪನ ಕೈ ಅದು,
ಕತ್ತಲಲ್ಲೂ ಸೊಟ್ಟ ಬರೆಯಲು ಬಾರದ ಕೈ.

ಆಗ ಹುಡುಗ, ಯಾರೂ ಕೇಳದೆಯೇ:
“ಈ ಅಣ್ಣಾರು ಒಳ್ಳೇವ್ರು ಮೇಡಂ, ಅವ್ರಿಗೇನೂ ಮಾಡ್ಬೇಡಿ.
ಅವತ್ತು ನೀರು ಕೊಟ್ರು.
ತಲೆ ಎತ್ತಿ ಹಿಡ್ಕಂಡು ಕುಡಿಸುದ್ರು.”

ನನ್ನನ್ನು ಬಚಾವು ಮಾಡುತ್ತಿದ್ದೇನೆ ಅಂದುಕೊಂಡಿದ್ದ, ಪಾಪ.
ಸಾಹೇಬರು ಅವತ್ತು ಮೊದಲ ಸಲ ನನ್ನತ್ತ ನೋಡಿದರು.
“ಕೊಟ್ಟಿರಾ?” ಮೇಡಂ ಕೇಳಿದರು.

ಇಲ್ಲ ಅಂದರೆ ಉಳಿಯುತ್ತೇನೆ.
ಅವನು ಅಲ್ಲಿರಲೇ ಇಲ್ಲ, ಇಲ್ಲದವನಿಗೆ ಬಾಯಾರುವುದೆಲ್ಲಿ?
ಆದರೆ ಆ ಇಡೀ ರಾತ್ರಿಯಲ್ಲಿ ನಾನು ಮಾಡಿದ
ಮನುಷ್ಯರ ಕೆಲಸ ಅದೊಂದೇ, ಒಂದು ಚೊಂಬು ನೀರು.
ಅದನ್ನೂ ಅಳಿಸಿದರೆ
ಠಾಣೆಯಲ್ಲಿ ನಾನೂ ಇರಲಿಲ್ಲ.

“ಕೊಟ್ಟೆ.”
“ಎಷ್ಟು ಹೊತ್ತಿಗೆ?”
ನಮ್ಮ ಗೋಡೆ ಗಡಿಯಾರ ಆರು ನಿಮಿಷ ಮುಂದೆ;
ಕಳೆದು ಹೇಳಿದೆ.
“ಹನ್ನೊಂದೂ ನಲವತ್ತು.”

ಕುರ್ಚಿ ಮತ್ತೆ ಕಿರುಗುಟ್ಟಿತು.
ಮೇಡಂ ಈಗ ನನ್ನ ಪಕ್ಕದಲ್ಲಿದ್ದರು,
ಯಾವ ಪಕ್ಕವಾದರೇನು, ನನ್ನ ಎರಡೂ ಕಿವಿ ಗಟ್ಟಿ.
“ನೀರಿಗೂ ಮೊದಲು,” ಅಂದರು ಮೆಲ್ಲಗೆ,
“ನಿಮಗೆ ಏನು ಕೇಳಿಸಿತು?”

ರುಕ್ಸಾನ ಗೆರೆ ಬಿಡುವವಳಲ್ಲ.
ಕಾಯುತ್ತಿದ್ದಳು.