ಐದು ಪಾಯಿಂಟು ಕೇಳಿದವರಿಗೆ

ಚಿಕ್ಕಬಳ್ಳಾಪುರದ ಕಾಲೇಜಿನವರು ಫೋನು ಮಾಡಿ
"ಮೇಡಂ, ನಾಯಕತ್ವದ ಬಗ್ಗೆ ಐದು ಪಾಯಿಂಟು ಸಾಕು" ಅಂದರು.
ಬಸ್ಸಿನುದ್ದಕ್ಕೂ ಬೆರಳು ಮಡಿಚುತ್ತ ಬಂದೆ,
ಹೆಬ್ಬೆರಳಿಗೇ ನಿಂತಿದೆ ಲೆಕ್ಕ.

ಶಿಡ್ಲಘಟ್ಟದವಳು ನಾನು. ಗೂಡಿನ ಮಾರುಕಟ್ಟೆಯಲ್ಲಿ
ಅಬ್ಬಾ ಒಂದೊಂದೇ ಗೂಡೆತ್ತಿ
ನನ್ನ ಕಿವಿಯ ಬಳಿ ಅಲ್ಲಾಡಿಸಿ
"ಹೇಳು ಮುಬೀನಾ" ಅನ್ನುತ್ತಿದ್ದರು.
ಗಟಗಟ ಅಂದರೆ ಹುಳ ಗಟ್ಟಿ, ನೂಲು ಬಿಚ್ಚೀತು.
ಸದ್ದಿಲ್ಲದಿದ್ದರೆ ಒಳಗೇ ಕೊಳೆತು ಗೋಡೆಗಂಟಿದೆ.
ಹದಿನಾರಕ್ಕೆ ಯಾರೋ ಕೈಗೊಂದು ಚೆಂಡು ಕೊಟ್ಟರು,
ಬಿಳಿ ಪ್ಲಾಸ್ಟಿಕ್ಕು, ಹೊಟ್ಟೆಯೊಳಗೆ ಛರ್ರೆನ್ನುವ ಬೇರಿಂಗ್ ಗುಂಡು.
ಯಾವ ಹುಳುವಿನ ಗೂಡಪ್ಪಾ ಇದು, ಅಂದುಕೊಂಡೆ.

ಒಂಬತ್ತು ವರ್ಷ ಕ್ಯಾಪ್ಟನ್.
ಎಡಗಣ್ಣಲ್ಲಿ ಚೂರು ಕಾಣುತ್ತಿತ್ತು,
ರೀಲಿಂಗ್ ಬಾಣಲೆಯ ಹಬೆಯಾಚೆ
ಜನ ನಿಂತ ಹಾಗೆ.
ಪೂರ್ತಿ ಕಾಣದವರ ನಡುವೆ ಅಷ್ಟಿದ್ದರೆ ಏನಾಗುತ್ತಾರೆ,
ಗಾದೆ ನಿಮಗೂ ಗೊತ್ತು, ನಾನು ಹೇಳುವುದಿಲ್ಲ.
"ಬಲಕ್ಕೆ! ಇನ್ನೂ ಬಲಕ್ಕೆ! ಕೂತ್ಕೋ! ಬೀಳು!"
ಚೆಂಡಿಗಿಂತ ಮೊದಲು ನನ್ನ ಬಾಯಿ ಓಡುತ್ತಿತ್ತು.
ಪೇಪರಿನವರು ಬರೆದರು, ಕೆಚ್ಚೆದೆಯ ನಾಯಕಿ ಅಂತ.
ಅಮ್ಮಿ ಓದಲು ಬಾರದೆಯೂ ಕತ್ತರಿಸಿ
ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಸಿದಳು.

ಆಮೇಲೆ ತುಮಕೂರಿನ ಮೈದಾನ.
ಇನ್ನೆರಡೇ ಎಸೆತ, ಅವರಿಗೆ ನಾಲ್ಕು ಬೇಕು.
ಪಾಯಿಂಟಿನಲ್ಲಿ ಬಾಗೇಪಲ್ಲಿಯ ಗಂಗುಲಮ್ಮ,
ಬೆಳಕಿನ ಸುದ್ದಿಯೇ ಇಲ್ಲದೆ ಬೆಳೆದವಳು.
ನಾನು ಬಾಯಿ ತೆರೆದೆ, ಅವಳು ಕೂಗಿದಳು:
"ಊರ್ಕೋ ಅಕ್ಕಾ!
ನಿನ್ನ ಮಾತು ಚೆಂಡಿನ ಮೇಲೆ ಬೀಳ್ತದೆ."

ಇಡೀ ಮೈದಾನಕ್ಕೆ ಕೇಳಿಸಿತು. ಅಂಪೈರು ಕೆಮ್ಮಿದರು.
ನಿಜ ಹೇಳುತ್ತೇನೆ, ಮೊದಲು ಬಂದ ಯೋಚನೆ:
ಮುಂದಿನ ಪಂದ್ಯಕ್ಕೆ ಇವಳು ಬೇಡ.

ರೆಡಿ? ಎಸ್. ಪ್ಲೇ.
ನಾಲಿಗೆ ಕಚ್ಚಿಕೊಂಡೆ.
ಬ್ಯಾಟು ನೆಲ ಗುಡಿಸಿದ ಸದ್ದು,
ಗುಂಡುಗಳು ಒಣಹುಲ್ಲಿನಲ್ಲಿ ಛರ್ರ್ ಛರ್ರ್ ಓಡಿ
ಧಪ್ಪೆಂದು ಒಂದು ಮೈ ಬಿದ್ದು
ಎದೆಯಡಿಗೆ ಎಲ್ಲ ನಿಂತಿತು.
ಮಣ್ಣು ಉಗುಳುತ್ತ ನಗುತ್ತಿದ್ದಳು ಗಂಗುಲಮ್ಮ.

ಮುಂದಿನ ಎಸೆತ ಬೌಂಡರಿಗೆ ಹೋಯಿತು. ಸೋತೆವು.
(ಇದನ್ನು ಕಾಲೇಜಿನಲ್ಲಿ ಹೇಳಲೋ ಬೇಡವೋ.)

ವಾಪಸ್ಸು ಬರುವಾಗ ಪಕ್ಕ ಕೂತು
ಬೇಯಿಸಿದ ಕಡಲೆಕಾಯಿ ಸುಲಿದು ಕೊಟ್ಟಳು,
ಕ್ಷಮೆ ಗಿಮೆ ಏನೂ ಕೇಳಲಿಲ್ಲ.
ಎಷ್ಟು ದಿನದಿಂದ ಬೀಳ್ತಾ ಇದೆ ನನ್ನ ಮಾತು?
"ಮೂರು ವರ್ಷ."
ಹೇಳಬಾರದಿತ್ತೇನೆ?
"ನೀನು ಕೇಳಲಿಲ್ಲ."

ಎಸೆಯುವವಳು ಪ್ರತಿ ಸಲ 'ರೆಡಿ?' ಅನ್ನಲೇಬೇಕು,
ಅನ್ನದಿದ್ದರೆ ಆ ಎಸೆತವೇ ಲೆಕ್ಕಕ್ಕಿಲ್ಲ.
ಮೂರು ವರ್ಷ ಹಾಗಾದರೆ ನಾನು ಆಡಿದ್ದು ಏನು?
ಸಿಪ್ಪೆಯೆಲ್ಲ ನನ್ನ ಮಡಿಲಿಗೇ ಬಿದ್ದಿತ್ತು,
ಕೋರಾದವರೆಗೂ ಕೊಡವಲಿಲ್ಲ.

ಹಬೆ ದಪ್ಪವಾಯಿತು. ಕೋಲಾರದ ಡಾಕ್ಟರು
ನನ್ನ ಕಾರ್ಡಿನಲ್ಲಿ ಬಿ-ಟು ಹೊಡೆದು ಬಿ-ಒನ್ ಬರೆದರು.
ಈಗ ಗಂಗುಲಮ್ಮನೇ ಕ್ಯಾಪ್ಟನ್,
ಪಾಯಿಂಟಿನಲ್ಲಿ ನಾನು.
ಮಾತಿಲ್ಲ ಅವಳದು. ಎರಡು ಚಪ್ಪಾಳೆ, ಅಷ್ಟೇ:
ಇಲ್ಲಿದ್ದೇನೆ, ಇತ್ತ ಎಸಿ.
ಚಪ್ಪಾಳೆ ಅಂದರೆ ನಮಗೆ ದಿಕ್ಕು.

ಇಷ್ಟು ಹೇಳಿ ಮೈಕು ಬಿಟ್ಟೆ.
ಐದಾಯಿತೋ ಇಲ್ಲವೋ ಎಣಿಸಲಿಲ್ಲ.
ಸಭಾಂಗಣದ ನಾಲ್ಕೂ ಕಡೆಯಿಂದ ಒಟ್ಟಿಗೆ ಚಪ್ಪಾಳೆ ಬಂತು,
ಕತ್ತು ಅತ್ತ ಇತ್ತ ಹೊರಳಿ
ಕೈ ತಂತಾನೇ ಎಸೆತಕ್ಕೆ ಎದ್ದು
ಎಲ್ಲಿಗೂ ಹೋಗದೆ ನಿಂತಿತು.

ಎಲ್ಲ ಮುಗಿದ ಮೇಲೆ
ಹಿಂದೆ, ಎಡಗಡೆ ಮೂಲೆಯಲ್ಲಿ,
ಯಾರೋ ಒಬ್ಬರು ತಡವಾಗಿ ತಟ್ಟುತ್ತಲೇ ಇದ್ದರು.
ಆ ಕಡೆ ತಿರುಗಿದೆ.