ಎರಡು ಹಿಮ್ಮಡಿ, ಬಾಕಿ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನನ್ನ ಬೋರ್ಡಿನಂಗಡಿ, ಇನಾಸ್ ಆರ್ಟ್ಸ್.
ಲಾರಿಯ ಹಣೆ, ಜೇನು ಸೊಸೈಟಿಯ ಫಲಕ,
ಕೋವಿ ರಿಪೇರಿಯವನ ಗೋಡೆಗೆ ಒಂದು ಕೋವಿ.
ಮೊದಲು ಬಿಳಿ ಬಳಿ, ಒಣಗಲಿ, ಆಮೇಲೆ ಅಕ್ಷರ.
ಅಪ್ಪ ಕಲಿಸಿದ ವಿದ್ಯೆ ಅಷ್ಟೇ.

ಹವಾಲ್ದಾರ್ ಪೆಮ್ಮಯ್ಯ ಬಂದದ್ದು ಕಾಫಿ ಕೊಯ್ಲಿನ ತಿಂಗಳು,
ಪಾಲಿಶ್ ಮಾಡಿದ ಬೂಟಿನಲ್ಲಿ.
"ನೀನು ಇಗರ್ಜಿಯವನಲ್ಲವಾ, ನಿನಗೆ ಗೊತ್ತಾಗಬೇಕು."
ಇಟಲಿ. ನಲವತ್ನಾಲ್ಕನೇ ಇಸವಿ. ಗುಡ್ಡದ ತುದಿಗೊಂದು ಊರು,
ಹೆಸರು ಆಗಲೂ ನಾಲಿಗೆಗೆ ಹತ್ತಲಿಲ್ಲವಂತೆ, ಈಗಲೂ ಇಲ್ಲ.
ಅಲ್ಲಿನ ಇಗರ್ಜಿಯಲ್ಲಿ ಒಂದು ಚಿತ್ರ,
ಮುನ್ನೂರು ವರ್ಷದ್ದು, ಎರಡಾಳೆತ್ತರ.
"ಅದನ್ನು ಬರೆದುಕೊಡು."

ಯಾವ ಸಂತರು? ಗೊತ್ತಿಲ್ಲ.
ಮಾತೆಯೇ? ಇರಬಹುದು.
ಮುಖ ಹೇಗಿತ್ತು?
"ಅಲ್ಲಿವರೆಗೆ ನನ್ನ ಮೇಣದ ಬತ್ತಿ ಹೋಗಲಿಲ್ಲ."
ಆ ರಾತ್ರಿ ಅವರು ಅದರ ಬುಡದಲ್ಲೇ ಮಲಗಿದ್ದರು,
ವೈರ್‌ಲೆಸ್ ಪೆಟ್ಟಿಗೆ ತಲೆದಿಂಬು.
"ಕತ್ತಲನ್ನೇ ಮೊದಲು ಬಳಿದು, ಅದರೊಳಗಿಂದ
ಒಬ್ಬೊಬ್ಬರನ್ನೇ ಎಳೆದು ತೆಗೆದ ಹಾಗಿತ್ತು ಮಾರಾಯ."
ಮೂಲೆಯಲ್ಲಿ ಮೊಣಕಾಲೂರಿದ್ದಳು ಒಬ್ಬಳು ಮುದುಕಿ,
ನಮ್ಮ ಕಡೆಗೆ ಬೆನ್ನು, ನಮ್ಮ ಕಡೆಗೆ ಹಿಮ್ಮಡಿ:
ಒಡೆದದ್ದು, ಕೆಸರು ಮೆತ್ತಿದ್ದು.
"ನಾಟಿ ಮುಗಿಸಿ ಬಂದ ಅವ್ವನ ಕಾಲು ಅದೇ."

ಬೆಳಕು ಎಡದಿಂದ, ಎಂದರು ಮೊದಲ ವಾರ.
ಎರಡನೇ ವಾರ: ಅದು ಚಿತ್ರದ ಬೆಳಕೋ,
ಶೆಲ್ ಬಿದ್ದ ಮಾಡಿನ ತೂತಿನದೋ?
ಮೂರನೇ ವಾರ ಬಂದು ಕೂತರು, ಮಾತಿಲ್ಲ,
ನಾನು ಬ್ಯಾಂಕಿನ ಬೋರ್ಡಿಗೆ ಹಳದಿ ಕೊಡುತ್ತಿದ್ದೆ.
ನಾಲ್ಕನೇ ವಾರ ಹೇಳಿದರು.
ಬೆಳಗ್ಗೆ ಹಿಂದಕ್ಕೆ ಬರಲು ಹುಕುಂ ಆಯಿತು. ಜರ್ಮನ್ನರು ಗುಡ್ಡ ಹತ್ತಿದರು.
"ಆರು ಅಂಕಿ. ಇಂಗ್ಲಿಷಿನಲ್ಲಿ. ಎರಡು ಸಲ.
ತಪ್ಪಿಲ್ಲದೆ ಹೇಳಿದೆ. ಸಾಹೇಬರು ಬೆನ್ನು ತಟ್ಟಿದರು.
ಗಂಟೆ ಒಂದೇ ಸಲ ಬಡಿಯಿತು, ಯಾರೂ ಎಳೆಯದೆ.
ಆಮೇಲೆ ಧೂಳು."

ಸಂತೆಯ ದಿನ ಎರವರ ಬೊಳ್ಳಿಯನ್ನು ಕೂರಿಸಿಕೊಂಡೆ,
ಎಂಟಾಣೆ, ಒಂದು ಸುರುಳಿ ಹೊಗೆಸೊಪ್ಪು.
"ಇದನ್ನೂ ಬರೀತಾರಾ!" ಕಾಲು ಒಳಗೆಳೆದುಕೊಂಡು ನಕ್ಕಳು.
ಹುಟ್ಟಿದಾಗಿಂದ ಮೊದಲ ಸಲ
ಹಲಗೆಗೆ ಮೊದಲು ಕಪ್ಪು ಬಳಿದೆ.
ಅದರೊಳಗೆ ಕೈಹಾಕಿ
ಒಂದು ಹಿಮ್ಮಡಿ. ಇನ್ನೊಂದು.
ಮೇಲೆ ಏನು ಬರೆಯಲೂ ಬ್ರಶ್ಶು ಏಳಲಿಲ್ಲ.

ಪೆಮ್ಮಯ್ಯ ನಿಂತು ನೋಡಿದರು, ತಲೆಯಾಡಿಸಿದರು, ಅಲ್ಲ.
ಹೊರಟವರು ತಿರುಗಿ ಬಂದು
ಬಣ್ಣದ ಡಬ್ಬಗಳ ನಡುವೆ ಸಿಮೆಂಟಿನ ಮೇಲೆ
ಬೂಟುಗಾಲು ಚಾಚಿ ಮಲಗಿಯೇಬಿಟ್ಟರು.
ಬೀದಿಯವರೆಲ್ಲ ಇಣುಕಿದರು.
"ಹಾಂ. ಇಲ್ಲಿಂದ."

ಎದ್ದು, ಜೇಬಿನ ಚಪ್ಪಟೆ ಬಾಟಲಿ ತೆಗೆದು
ಹಲಗೆಯ ಮುಂದೆ ನಾಲ್ಕು ಹನಿ ಬಿಟ್ಟರು,
ಹಿರಿಯರಿಗೆ ಮೀದಿ ಇಡುವ ಹಾಗೆ.
ಒಯ್ಯಲಿಲ್ಲ. "ಮನೆಯಲ್ಲಿ ಯಾರು ಅಂತ ಕೇಳ್ತಾರೆ."
ಮತ್ತೆ ಬರಲೂ ಇಲ್ಲ.
ಖಾತೆ ಪುಸ್ತಕದಲ್ಲಿ ಹಾಗೇ ಇದೆ:
ಎರಡು ಹಿಮ್ಮಡಿ, ಬಾಕಿ.

ಮುಂದಿನ ಸಂತೆಗೆ ಬೊಳ್ಳಿ ಬಂದಳು,
ತನ್ನ ಕಾಲು ಗುರುತಿಸಿದಳು, ಬೆರಳಿಟ್ಟು ಬಿರುಕು ಎಣಿಸಿದಳು,
ಆಮೇಲೆ ಕತ್ತೆತ್ತಿ ಕಪ್ಪನ್ನು ನೋಡಿದಳು ತುಂಬ ಹೊತ್ತು.
"ಇವಳ ಎದುರಿಗೆ ಯಾರಿದ್ದಾರೆ?"

ಮುಟ್ಟಬೇಡ, ಎಂದೆ,
ಇನ್ನೂ ಒಣಗಿಲ್ಲ.