ಜೋಳದ ಕಾಳಿನಷ್ಟು ಏಳು

ಚೌಬಾರದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ಆಟೋದ ಬೆನ್ನಿಗೆ ಹದ್ದು, ಟ್ರ್ಯಾಕ್ಟರಿನ ಹಣೆಗೆ ಅವ್ವನ ಆಶೀರ್ವಾದ,
ಮದುವೆ ಕಾರಿಗೆ ಎರಡು ಹೆಸರು, ನಡುವೆ ಒಂದು ಬಾಣ.
ರೇಡಿಯಂ ಕತ್ತರಿಸಿ ಕತ್ತರಿಸಿ ಹೆಬ್ಬೆರಳ ಗೆರೆ ಸವೆದು
ಆಧಾರಿನ ಯಂತ್ರ ನನ್ನನ್ನು ಗುರುತು ಹಿಡಿಯುವುದಿಲ್ಲ.

ದೇವದಾನಪ್ಪ ಬಂದದ್ದು ಶುಕ್ರವಾರ, ಶಟರ್ ಎಳೆಯುವ ಹೊತ್ತಿಗೆ.
ಬೂಟಿನ ಡಬ್ಬಿಯಲ್ಲಿ, ಅರಳೆಯ ಮೇಲೆ,
ಅಂಗೈ ತುಂಬುವ ವಿಮಾನ.
ಮೂವತ್ತೊಂದು ವರ್ಷ ಏರ್‌ಫೋರ್ಸಿನ ಶೆಡ್ಡಿನಲ್ಲಿ ಸ್ಕ್ರೂ ಬಿಗಿದ ಕೈ
ಪ್ಲಾಸ್ಟಿಕ್ಕಿನ ರೆಕ್ಕೆ ಹಿಡಿದು ನಡುಗುತ್ತಿತ್ತು.
"ಎಲ್ಲಾ ಆಗ್ಯಾದವ್ವ, ನಂಬರ್ ಒಂದು ಇಲ್ಲ.
ಡಬ್ಬಿ ಕೂಡ ಬಂದದ್ದು ಯಾರದೋ ವಿಮಾನದ್ದು.
ನನಗ ನಂದು ಬೇಕು."

ಗೇಣುದ್ದದ ಅಂಕಿ ಎಪ್ಪತ್ತೆರಡು ಪಾಲಾದರೆ
ಜೋಳದ ಕಾಳು.
ಲೆಕ್ಕ ಅವರೇ ಹಾಕಿ ತಂದಿದ್ದರು
ಕರೆಂಟ್ ಬಿಲ್ಲಿನ ಬೆನ್ನ ಮೇಲೆ.

ಆ ವಾರ ನನಗೆ ತಿಳಿಯಿತು, ಪ್ರಿಂಟರಿಗೆ ಬಿಳಿ ಬರುವುದಿಲ್ಲ.
ನೀಲಿ ಇದೆ, ಗುಲಾಬಿ ಇದೆ, ಹಳದಿ, ಕಪ್ಪು.
ಇಷ್ಟು ದಿನ ಬಿಳಿ ಅಂದುಕೊಂಡದ್ದೆಲ್ಲ
ಕಾಗದದ ಹತ್ತಿರ ತಂದ ಕಡ.
ಗಾಜಿನಂಥ ಹಾಳೆಯ ಮೇಲೆ ಅದು ಬರಿ ತೂತು:
ಕೇಸರಿ ಹಸಿರಿನ ನಡುವಿನ ಬಳೆಯೊಳಗಿಂದ
ವಿಮಾನದ ಕಿತ್ತಳೆ ಮೈ ಇಣುಕಿತು.

ಅಬ್ಬಾ ನಕ್ಕರು. ಅವರು ಬಿದರಿ ಹುಕ್ಕಾಕ್ಕೆ ಬೆಳ್ಳಿ ಕೂರಿಸುವವರು.
"ನಮ್ಮದರಾಗ ಕಪ್ಪು ಕಡೀಕ ಬರ್ತದ ಬೇಟಿ,
ಖಿಲ್ಲಾದ ಮಣ್ಣು ಹಚ್ಚಿ ತಿಕ್ಕಿದ ಮ್ಯಾಲ.
ನಿಂದರಾಗ ಬಿಳಿ ಮೊದಲ ಬರಬೇಕು, ಕಾಣ್ತದ."
ಹಾಗೇ ಆಯಿತು. ಮೊದಲು ಬಿಳಿ ಬಿಲ್ಲೆ, ಮೂರು ಕೂದಲಿನ ಕುಂಚದಿಂದ.
ಆಮೇಲೆ ಬಣ್ಣ. ಆಮೇಲೆ ವಾರ್ನಿಶು, ಒಣಗಿದ ಮೇಲೆ ಮತ್ತೆ, ಮತ್ತೆ;
ಅವಸರ ಮಾಡಿದ ಎರಡು ಹಾಳೆ
ನೀರು ಕಂಡೊಡನೆ ಅತ್ತು ಮಸಿಯಾದವು.

ಮೂರನೆಯದನ್ನು ದೇವದಾನಪ್ಪ ಭೂತಗನ್ನಡಿ ಹಿಡಿದು ನೋಡಿದರು.
ಬಹಳ ಹೊತ್ತು.
"ಇದಲ್ಲವ್ವ. ನಮ್ಮ ಏಳು ವಾಲಿತ್ತು."

ಬಾಯಲ್ಲಿ ಟಾರ್ಚು ಕಚ್ಚಿ, ರಾತ್ರಿ ಪಾಳಿಯಲ್ಲಿ, ಬಣ್ಣ ಹೊಡೆದದ್ದು ಅವರೇ.
ಅಚ್ಚು ಜಾರಿತ್ತು. ಬೈಸಿಕೊಂಡರು.
ತಿದ್ದುವ ಮೊದಲೇ ಅದು ಬೆಳಗಿನ ಪಾಠಕ್ಕೆ ಹಾರಿಹೋಯಿತು,
ಮರುದಿನವೂ ಹಾರಿತು,
ಕಲಿಯುವ ಹುಡುಗರು ಕುಂಟಣ್ಣ ಅಂತ ಕರೆದರು,
ಮತ್ತೆ ಯಾರೂ ತಿದ್ದು ಅನ್ನಲಿಲ್ಲ.

"ಅಜ್ಜಾ, ಇಷ್ಟು ಸಣ್ಣದರಾಗ ವಾಲಿದ್ದು ಕಾಣೂದಿಲ್ರಿ."
"ಕಾಣೂದು ಬ್ಯಾರೆ. ಇರೂದು ಬ್ಯಾರೆ."
ಎಷ್ಟು ವಾಲಿತ್ತು ಎಂದು ಕೇಳಿದೆ.
ಅವರು ಕತ್ತು ವಾಲಿಸಿ ತೋರಿಸಿದರು,
ನಾನು ಅಳೆದು ಮುಗಿಸುವ ತನಕ ಹಾಗೇ ನಿಂತರು.

ತಟ್ಟೆಯಲ್ಲಿ ಉಗುರು ಬಿಸಿ ನೀರು. ನಲವತ್ತು ಎಣಿಸಿದೆ.
ಬೆನ್ನ ಕಾಗದ ಬಿಟ್ಟು ಏಳು ಸಡಿಲಾಯಿತು.
ಬಾಲದ ಮೇಲೆ ಜಾರಿಸಿ, ಒಂದು ತೊಟ್ಟು ಸಿರ್ಕಾ:
ಪೊರೆ ಮೆತ್ತಗಾಗಿ, ಗೀರುಗಳಿಗೆ ಇಳಿದು,
ಬಣ್ಣವೋ ಮೈಯೋ ತಿಳಿಯದಾಯಿತು.
ಅಂಗಡಿ ತುಂಬ ಉಪ್ಪಿನಕಾಯಿಯ ವಾಸನೆ.
ದೇವದಾನಪ್ಪ ಕನ್ನಡಕ ತೆಗೆದು ಒರೆಸಿದರು,
ಹಾಕಿಕೊಂಡರು, ಮತ್ತೆ ತೆಗೆದರು.
ಎಷ್ಟು ಕೊಡಲಿ ಅಂದಾಗ ನಂಬರ್ ಪ್ಲೇಟಿನ ರೇಟು ಹೇಳಿದೆ.

ಹರಿದರೆ ಇರಲಿ ಅಂತ ಒಂದು ಏಳು ಹೆಚ್ಚಿಗೆ ತೆಗೆದಿದ್ದೆ.
ತಟ್ಟೆ ತೊಳೆಯುವಾಗ ಅದು ತೇಲಿ ಬಂದು
ಹೆಬ್ಬೆರಳಿಗೆ ಹತ್ತಿತು, ಗೆರೆ ಸವೆದ ಜಾಗಕ್ಕೇ.
ಮೇಲೆ ಎಲ್ಲೋ ಒಂದು ವಿಮಾನ ತಿರುಗಿತು,
ಗಾಜಿನ ಬಾಗಿಲು ಯಾವಾಗಿನಂತೆ ಗುಂಯ್ ಅಂದಿತು.

ಸಂಜೆ ಆ ಬೆರಳು ಎತ್ತಿ ಹಿಡಿದು,
ಎಡಗೈಯಲ್ಲೇ ರೊಟ್ಟಿ ತಟ್ಟಿದೆ.
ಒಂದೂ ದುಂಡಗೆ ಬರಲಿಲ್ಲ.
ಅಬ್ಬಾ ತಿರುಗಿಸಿ ನೋಡಿದರು, ಮುರಿದರು,
ಪುಂಡಿಪಲ್ಯ ಹಚ್ಚಿಕೊಂಡು ಉಂಡರು.